ಖುಲಾಸೆಯೂ ವಜಾವೂ

ಮೂರು ವರ್ಷಗಳ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಕೈಯಲ್ಲಿ ಪೇಡೆಯ ಪೊಟ್ಟಣವಿತ್ತು. ಹುಡುಗನಿಗೆ ಕೆಲಸವಾಯಿತೋ, ಅವನ ತಂಗಿಗೆ ಗಂಡು ಗೊತ್ತಾಯಿತೋ ಎಂದು ನಾನು ಊಹಿಸುತ್ತಿರುವಾಗಲೇ ಹಿರಿಯರು, “ಕೋರ್ಟಿನಲ್ಲಿ ಖುಲಾಸೆಯಾಯಿತು, ಮೇಷ್ಟ್ರೇ” ಎಂದರು. ಅವರ ಧ್ವನಿ ನಡುಗುತ್ತಿತ್ತು. ಕಾಫಿ ತಂದಿಟ್ಟ ನನ್ನ ಹೆಂಡತಿ ಒಳಗೆ ಹೋಗದೆ ಬಾಗಿಲ ಬಳಿಯೇ ನಿಂತಳು.

ಅವರು ಸರ್ಕಾರದ ಅಧೀನದಲ್ಲಿರುವ ಒಂದು ಸಂಸ್ಥೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. 28 ವರ್ಷಗಳ ಸೇವೆ. ಒಂದು ವಾರ್ಷಿಕ ತಪಾಸಣೆಯಲ್ಲಿ 42 ಮೂಟೆ ಕಡಮೆ ಬಂತು. ಪೊಲೀಸರಿಗೆ ದೂರು ಹೋಯಿತು, ನಂಬಿಕೆದ್ರೋಹದ ಮೊಕದ್ದಮೆ ಹೂಡಲಾಯಿತು, ಇವರನ್ನು ಅಮಾನತಿನಲ್ಲಿಟ್ಟರು. ಮೊಕದ್ದಮೆ ಇನ್ನೂ ನಡೆಯುತ್ತಿರುವಾಗಲೇ ಕಚೇರಿಯವರು ತಮ್ಮದೇ ವಿಚಾರಣೆಯನ್ನು ಮುಗಿಸಿ ಇವರನ್ನು ಕೆಲಸದಿಂದ ವಜಾ ಮಾಡಿದರು. ಈಗ ಮ್ಯಾಜಿಸ್ಟ್ರೇಟರು ಖುಲಾಸೆ ಮಾಡಿದ್ದಾರೆ. ಇನ್ನೇನು, ತೀರ್ಪಿನ ನಕಲನ್ನು ಕಚೇರಿಗೆ ಒಯ್ದು ತೋರಿಸಿದರೆ ಆಯಿತು ಎಂಬ ನೆಮ್ಮದಿಯಲ್ಲಿ ಅವರು ಆ ಸಂಜೆ ಹಿಂದಿರುಗಿದರು.

ವಾರ ಕಳೆಯುವುದರೊಳಗಾಗಿ ಮತ್ತೆ ಬಂದರು. ಈ ಸಲ ಪೊಟ್ಟಣವಿರಲಿಲ್ಲ. ಕೋರ್ಟಿನ ವಿಚಾರಣೆ ಕೋರ್ಟಿನದು, ನಮ್ಮ ವಿಚಾರಣೆ ನಮ್ಮದು ಎಂದು ಕಚೇರಿಯವರು ನಕಲನ್ನು ಹಿಂದಕ್ಕೆ ಕೊಟ್ಟಿದ್ದರು. “ಕೋರ್ಟೇ ತಪ್ಪಿಲ್ಲ ಎಂದ ಮೇಲೆ ತಪ್ಪಿದೆ ಎನ್ನುವುದಕ್ಕೆ ಇವರು ಯಾರು ಮೇಷ್ಟ್ರೇ? ಕೋರ್ಟಿಗಿಂತ ಕಚೇರಿ ದೊಡ್ಡದೇ?” ಎಂದು ಅವರು ಕೇಳಿದರು. ಆಗ ಅವರಿಗೆ 57 ವಯಸ್ಸು. ನಿವೃತ್ತಿಗೆ ಮೂರು ವರ್ಷವಿತ್ತು. ವಜಾ ಆದವರಿಗೆ ಪಿಂಚಣಿ ಸಿಗುವುದಿಲ್ಲ. ಮಗಳ ಮದುವೆ ಬೇರೆ ಇತ್ತು.

ಕನ್ನಡ ಪಾಠ ಹೇಳುವ ನನಗೆ ಕಾಯಿದೆಯ ಪರಿಚಯ ಎಷ್ಟು? ಖುಲಾಸೆ, ವಜಾ ಈ ಎರಡು ಮಾತುಗಳ ವ್ಯುತ್ಪತ್ತಿಯನ್ನು ಬೇಕಾದರೆ ಹೇಳಬಲ್ಲೆ. ಎರಡೂ ಹಿಂದಿನ ಆಡಳಿತದ ಜೊತೆಯಲ್ಲಿ ಅರಬಿ ಪಾರಸಿಗಳಿಂದ ಬಂದು ನಮ್ಮವಾದವು. ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ವಜಾ ಎಂದರೆ ಕಳೆಯುವುದು. ಕೋರ್ಟಿನಲ್ಲಿ ಅರ್ಜಿಯನ್ನು ತಳ್ಳಿಹಾಕಿದರೂ ವಜಾ, ಕಚೇರಿಯಲ್ಲಿ ನೌಕರನನ್ನು ತೆಗೆದುಹಾಕಿದರೂ ವಜಾ. ಈ ಪಾಂಡಿತ್ಯದಿಂದ ಹಿರಿಯರಿಗೆ ಕಾಸಿನ ಪ್ರಯೋಜನವಿರಲಿಲ್ಲ. ಆದ್ದರಿಂದ ಹೈಕೋರ್ಟಿನಲ್ಲಿ ವಕೀಲನಾಗಿರುವ ನನ್ನ ಸಹಪಾಠಿಯ ಬಳಿಗೆ ಅವರನ್ನು ಕರೆದೊಯ್ದೆ. ಆಮೇಲೆ ಎರಡು ವರ್ಷ, ಕಾಲೇಜಿಗೆ ರಜೆಯಿದ್ದ ದಿನಗಳಲ್ಲಿ ಅವರ ಜೊತೆಗೆ ನಾನೂ ಆ ಕೆಂಪು ಕಟ್ಟಡಕ್ಕೆ ಅಲೆದೆ. ಕೋರ್ಟು ಕಚೇರಿಯ ಸೋಂಕಿಲ್ಲದ ಮನೆ ನಮ್ಮ ನಡುವೆ ಅಪರೂಪ. ಅಲ್ಲಿ ನಾನು ಕಲಿತದ್ದು ವಾಚಕರಲ್ಲಿ ಕೆಲವರಿಗಾದರೂ ಬೇಕಾದೀತೆಂದು ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ವಿಧಾನಸೌಧದ ಎದುರಿಗಿರುವ ಆ ಕಟ್ಟಡವನ್ನು ಬೆಂಗಳೂರಿನ ಹಳಬರು ಅಠಾರಾ ಕಚೇರಿ ಎನ್ನುತ್ತಾರೆ. 1868ರಲ್ಲಿ ಕಟ್ಟಿ ಮುಗಿದಾಗ ಅಲ್ಲಿ ಸರ್ಕಾರದ 18 ಇಲಾಖೆಗಳಿದ್ದುದರಿಂದ ಬಂದ ಹೆಸರು ಅದು. ಮೈಸೂರು ಸಂಸ್ಥಾನದ ಚೀಫ್ ಕೋರ್ಟು 1884ರಲ್ಲಿ ಸ್ಥಾಪನೆಯಾಗಿ 1930ರಲ್ಲಿ ಹೈಕೋರ್ಟು ಎನಿಸಿಕೊಂಡಿತು. 2008ರಿಂದ ಧಾರವಾಡದಲ್ಲಿಯೂ ಗುಲ್ಬರ್ಗದಲ್ಲಿಯೂ, ಅಂದರೆ ಇಂದಿನ ಕಲಬುರಗಿಯಲ್ಲಿಯೂ, ಅದರ ಪೀಠಗಳು ಕುಳಿತವು. 2013ರಲ್ಲಿ ಅವು ಕಾಯಂ ಆದವು. ಬೀದರಿನ ಕಕ್ಷಿಗಾರ ಒಂದು ವಾಯಿದೆಗಾಗಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿಗೆ ಬಂದು, ರೈಲ್ವೆ ನಿಲ್ದಾಣದಲ್ಲಿ ಮುಖ ತೊಳೆದು ಕೋರ್ಟಿಗೆ ಓಡಬೇಕಾಗಿದ್ದ ಕಾಲ ಅಷ್ಟರಮಟ್ಟಿಗೆ ತಪ್ಪಿತು.

ಸಿನಿಮಾ ನೋಡಿ ಬೆಳೆದವರಿಗೆ ಹೈಕೋರ್ಟು ನಿರಾಸೆಯನ್ನುಂಟುಮಾಡುವ ಸ್ಥಳ. ಕಟಕಟೆಯಲ್ಲಿ ನಿಂತು ಕಣ್ಣೀರಿಡುವ ತಾಯಿಯಿಲ್ಲ, ಕೊನೆಯ ಗಳಿಗೆಯಲ್ಲಿ ಬಾಗಿಲು ತಳ್ಳಿಕೊಂಡು ಬರುವ ಸಾಕ್ಷಿಯಿಲ್ಲ. ಚುನಾವಣಾ ತಕರಾರಿನಂಥ ಕೆಲವನ್ನು ಬಿಟ್ಟರೆ ಇಲ್ಲಿ ಸಾಕ್ಷಿಗಳ ಬಾಯಿಮಾತಿನ ವಿಚಾರಣೆಯೇ ಸಾಮಾನ್ಯವಾಗಿ ನಡೆಯುವುದಿಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಯಾವಾಗಲೋ ಬರೆದುಕೊಂಡ ಹೇಳಿಕೆಗಳು, ಮಹಜರು, ಪತ್ರ, ನಕ್ಷೆ, ತೀರ್ಪು ಇವೆಲ್ಲ ಸೇರಿದ ಕಡತ ನ್ಯಾಯಮೂರ್ತಿಗಳ ಮುಂದಿರುತ್ತದೆ. ವಕೀಲರು ಇಂತಿಂಥ ಪುಟ ಎನ್ನುತ್ತಾರೆ, ನ್ಯಾಯಮೂರ್ತಿಗಳು ಪುಟ ತಿರುವುತ್ತಾರೆ, ಒಂದೆರಡು ಪ್ರಶ್ನೆ ಕೇಳುತ್ತಾರೆ. ಕಕ್ಷಿಗಾರ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರೂ ಸರಿ, ಊರಿನಲ್ಲಿ ಹೊಲ ಉಳುತ್ತಿದ್ದರೂ ಸರಿ. ನಮ್ಮ ಹಿರಿಯರು ಮೊದಲ ದಿನ ಒಗೆದ ಬಿಳಿಯ ಪಂಚೆಯುಟ್ಟು, ಹಣೆಗೆ ವಿಭೂತಿಯಿಟ್ಟು ಬಂದಿದ್ದರು. ನ್ಯಾಯಮೂರ್ತಿಗಳು ತಮ್ಮ ಮುಖ ನೋಡಿದರೆ ಸಾಕು, ಇವನು ಕದಿಯುವವನಲ್ಲ ಎಂದು ತಿಳಿದುಬಿಡುತ್ತದೆ ಎಂಬುದು ಅವರ ನಂಬಿಕೆ. ಮುಖ ನೋಡುವ ಪ್ರಸಂಗವೇ ಬರಲಿಲ್ಲ.

ನೋಡದೆ ತೀರ್ಮಾನಿಸುವುದು ಹೇಗೆ ಎಂಬ ಸಂಶಯ ನ್ಯಾಯಾಲಯಗಳನ್ನೂ ಕಾಡಿದೆ. ಅಪರಾಧ ಪ್ರಕರಣಗಳಲ್ಲಿ ಹೈಕೋರ್ಟಿನ ಅಧಿಕಾರ ವಿಸ್ತಾರವಾದದ್ದು. ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿದರೆ ಅಪೀಲು ಇಲ್ಲಿಗೆ ಬರುತ್ತದೆ; ಇಡೀ ಸಾಕ್ಷ್ಯವನ್ನು ಮೊದಲಿನಿಂದ ತೂಗಿ ನೋಡುವ ಹಕ್ಕು ಹೈಕೋರ್ಟಿಗಿದೆ. ಮರಣದಂಡನೆಯಾಗಿದ್ದರಂತೂ ಅಪರಾಧಿ ಅಪೀಲು ಮಾಡಲಿ ಬಿಡಲಿ, ಕಡತ ಇಲ್ಲಿಗೆ ಬಂದೇ ತೀರಬೇಕು. ಹೈಕೋರ್ಟು ಸ್ಥಿರಪಡಿಸದೆ ಆ ಶಿಕ್ಷೆಯನ್ನು ಜಾರಿಗೊಳಿಸುವಂತಿಲ್ಲ. ಇಬ್ಬರು ನ್ಯಾಯಮೂರ್ತಿಗಳು ಕುಳಿತು ಕೇಳುತ್ತಾರೆ, ಅವರಲ್ಲಿ ಭಿನ್ನಾಭಿಪ್ರಾಯ ಬಂದರೆ ಮೂರನೆಯವರ ಮುಂದೆ ಇಡುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಏರ್ಪಾಡು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಹಾಗೆಯೇ ಉಳಿದಿದೆ.

ಕೆಳಗಿನ ನ್ಯಾಯಾಲಯ ಬಿಟ್ಟುಬಿಟ್ಟವನನ್ನು ಹಿಡಿದು ಶಿಕ್ಷಿಸಬೇಕೆಂದು ಸರ್ಕಾರ ಅಪೀಲು ಮಾಡಿದಾಗ ಮಾತ್ರ ಹೈಕೋರ್ಟು ಒಂದು ಹೆಜ್ಜೆ ಹಿಂದೆ ನಿಂತು ನೋಡಬೇಕಾಗುತ್ತದೆ. 1934ರಷ್ಟು ಹಿಂದೆಯೇ ಲಂಡನ್ನಿನ ಪ್ರಿವಿ ಕೌನ್ಸಿಲು ಭಾರತದ ಒಂದು ಅಪೀಲಿನಲ್ಲಿ ಇದನ್ನು ವಿವರಿಸಿತ್ತು. ಸಾಕ್ಷಿಯನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದವರು ವಿಚಾರಣೆ ನಡೆಸಿದ ನ್ಯಾಯಾಧೀಶರು. ಅವರ ನಿರ್ಣಯವನ್ನು ಕಾಗದ ಮಾತ್ರ ಓದಿದವರು ಸುಲಭವಾಗಿ ಅಲುಗಾಡಿಸಬಾರದು ಎಂಬುದು ಅದರ ತಾತ್ಪರ್ಯ. 2007ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ಮುಂದಿತ್ತು. ಸೆಷನ್ಸ್ ನ್ಯಾಯಾಲಯ ಬಿಟ್ಟವರನ್ನು ಹೈಕೋರ್ಟು ಶಿಕ್ಷಿಸಿತ್ತು. ಸುಪ್ರೀಂ ಕೋರ್ಟು ಅವರನ್ನು ಮತ್ತೆ ಬಿಡಿಸಿತು. ಆರೋಪಿ ನಿರಪರಾಧಿಯೆಂಬ ಭಾವನೆ ಮೊದಲಿನಿಂದಲೇ ಇರುತ್ತದೆ, ಖುಲಾಸೆಯಾದ ಮೇಲೆ ಅದು ಇಮ್ಮಡಿಯಾಗುತ್ತದೆ. ಸಾಕ್ಷ್ಯದಿಂದ ಎರಡು ಅಭಿಪ್ರಾಯಗಳಿಗೆ ಅವಕಾಶವಿರುವಾಗ ಖುಲಾಸೆಯನ್ನು ಕೆಡಿಸಬಾರದು ಎಂದು ಅಲ್ಲಿ ಹೇಳಿತು. ಇದನ್ನು ಹಿರಿಯರಿಗೆ ನಾನು ವಿವರಿಸಿದಾಗ ಅವರ ಮುಖ ಅರಳಿತು. “ಹಾಗಿದ್ದರೆ ನನ್ನ ಖುಲಾಸೆಯನ್ನು ಯಾರೂ ಮುಟ್ಟುವಂತಿಲ್ಲ ಅಂತಾಯಿತಲ್ಲ!” ಎಂದರು. ನಿಜ. ಆದರೆ ಖುಲಾಸೆಯನ್ನು ಮುಟ್ಟುವ ಗೊಡವೆಗೆ ಕಚೇರಿ ಹೋಗಿಯೇ ಇರಲಿಲ್ಲ.

ವಕೀಲ ಮಿತ್ರ ಅವರಿಗೆ ತಕ್ಕಡಿಯ ಮಾತಿನಲ್ಲಿ ತಿಳಿಸಿ ಹೇಳಿದ. ಅಪರಾಧದ ಮೊಕದ್ದಮೆಯದು ಅಕ್ಕಸಾಲಿಗನ ತಕ್ಕಡಿ. ಸಮಂಜಸವಾದ ಸಂಶಯ ಗುಲಗಂಜಿಯಷ್ಟು ಉಳಿದರೂ ಮುಳ್ಳು ಆರೋಪಿಯ ಕಡೆಗೆ ವಾಲುತ್ತದೆ, ಏಕೆಂದರೆ ಅಲ್ಲಿ ಪಣಕ್ಕಿಟ್ಟಿರುವುದು ಮನುಷ್ಯನ ಸ್ವಾತಂತ್ರ್ಯ, ಒಮ್ಮೊಮ್ಮೆ ಪ್ರಾಣ. ಸಿವಿಲ್ ದಾವೆಯದು ದಿನಸಿ ಅಂಗಡಿಯ ತಕ್ಕಡಿ. ಇಬ್ಬರಲ್ಲಿ ಯಾರ ಮಾತು ಹೆಚ್ಚು ಸಂಭಾವ್ಯವಾಗಿ ಕಾಣುತ್ತದೋ ಅತ್ತ ತಟ್ಟೆ ಇಳಿದರೆ ಸಾಕು. ನೌಕರಿಯ ಪ್ರಕರಣದಲ್ಲಿ ಹೈಕೋರ್ಟು ತಕ್ಕಡಿಯನ್ನು ಕೈಗೆ ತೆಗೆದುಕೊಳ್ಳುವುದೇ ಇಲ್ಲವಂತೆ. ಅಂಗಡಿಯವನು ಗಿರಾಕಿಯ ಎದುರಿಗೇ ತೂಗಿದನೋ ಇಲ್ಲವೋ, ತಟ್ಟೆಯಲ್ಲಿ ಏನಾದರೂ ಇತ್ತೋ ಇಲ್ಲವೋ, ಅಷ್ಟನ್ನು ನೋಡುತ್ತದೆ.

ಸಿವಿಲ್ ಸಂಗತಿಯಲ್ಲಿ ನಮ್ಮ ಮನೆತನಕ್ಕೇ ಅನುಭವವುಂಟು. ನಮ್ಮ ಚಿಕ್ಕಪ್ಪನವರಿಗೂ ಪಕ್ಕದ ಜಮೀನಿನವರಿಗೂ ಒಂದು ಬದುವಿನ ಜಗಳ. ಮುನ್ಸೀಫರ ಕೋರ್ಟಿನಲ್ಲಿ ಸೋತರು, ಜಿಲ್ಲೆಯ ಅಪೀಲಿನಲ್ಲಿಯೂ ಸೋತರು. ಹೈಕೋರ್ಟಿನಲ್ಲಿ ಗೆದ್ದೇ ಗೆಲ್ಲುತ್ತೇನೆಂದು ಎಮ್ಮೆ ಮಾರಿ ಎರಡನೆಯ ಅಪೀಲು ಹಾಕಿದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೆಯ ಕಲಮಿಗೆ 1976ರಲ್ಲಿ ತಿದ್ದುಪಡಿಯಾಯಿತು. ಅಂದಿನಿಂದ ಎರಡನೆಯ ಅಪೀಲು ನಿಲ್ಲಬೇಕಾದರೆ ಕಾನೂನಿನ ಗಣನೀಯ ಪ್ರಶ್ನೆಯೊಂದು ಅದರಲ್ಲಿರಬೇಕು. ಆ ಪ್ರಶ್ನೆಯನ್ನು ಹೈಕೋರ್ಟು ಮೊದಲೇ ರೂಪಿಸಿ ಬರೆಯಬೇಕು. ಬದು ಹುಣಿಸೆಮರದ ಆಚೆಗಿತ್ತೋ ಈಚೆಗಿತ್ತೋ ಎಂಬುದು ಸಂಗತಿಯ ಪ್ರಶ್ನೆಯೇ ಹೊರತು ಕಾನೂನಿನ ಪ್ರಶ್ನೆಯಲ್ಲ. ಮೊದಲ ದಿನವೇ ಅಪೀಲು ವಜಾ ಆಯಿತು. ಚಿಕ್ಕಪ್ಪ ಇವತ್ತಿಗೂ, “ಜಡ್ಜಿಯವರು ಹುಣಿಸೆಮರದ ಮಾತನ್ನೇ ಕೇಳಲಿಲ್ಲವಲ್ಲೋ” ಎಂದು ಕೊರಗುತ್ತಾರೆ. ಮೊದಲನೆಯ ಅಪೀಲು ಅಂಥದಲ್ಲ. ಅಲ್ಲಿ ಸಂಗತಿ, ಕಾನೂನು ಎರಡನ್ನೂ ಪೂರ್ತಿ ಪರಿಶೀಲಿಸಿ ಕಾರಣ ಬರೆಯಲೇಬೇಕು. ಹಣ ಖರ್ಚು ಮಾಡಿ ಒಳ್ಳೆಯ ವಕೀಲರನ್ನು ಹಿಡಿಯುವುದಿದ್ದರೆ ಮೊದಲ ವಿಚಾರಣೆಗೂ ಮೊದಲ ಅಪೀಲಿಗೂ ಹಿಡಿಯಬೇಕು. ನಮ್ಮ ಜನ ಕೆಳಗೆ ಅಗ್ಗದಲ್ಲಿ ಮುಗಿಸಿ ಮೇಲೆ ಹೋಗಿ ಸುರಿಯುತ್ತಾರೆ.

ನೌಕರಿಯ ತಕರಾರುಗಳು ಹೈಕೋರ್ಟಿಗೆ ಬರುವ ದಾರಿಯೇ ಬೇರೆ. ಅದು ಸಂವಿಧಾನದ 226ನೆಯ ವಿಧಿಯ ರಿಟ್ ಅರ್ಜಿ. ಸರ್ಕಾರ ಮತ್ತು ಅದರ ಅಧೀನದ ಸಂಸ್ಥೆಗಳ ವಿರುದ್ಧ ಅದು ಮುಖ್ಯವಾದ ಅಸ್ತ್ರ. ಖಾಸಗಿ ಕಂಪೆನಿಯ ನೌಕರನಿಗೆ ಸಾಮಾನ್ಯವಾಗಿ ದೊರೆಯದು. ರಾಜ್ಯ ಸರ್ಕಾರದ ನೌಕರರು ಮೊದಲು ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಮಂಡಳಿಯ ತೀರ್ಮಾನವನ್ನು ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟಿನ ಏಳು ಮಂದಿಯ ಪೀಠ 1997ರಲ್ಲಿ ತೀರ್ಮಾನಿಸಿತು. ಯಾವ ಬಾಗಿಲಿನಿಂದ ಬಂದರೂ ಇದು ಅಪೀಲಲ್ಲ ಎಂಬುದನ್ನು ನೆನಪಿಡಬೇಕು. ಇಲಾಖಾ ವಿಚಾರಣೆಯ ನಿರ್ಣಯ ಸರಿಯೋ ತಪ್ಪೋ ಎಂದು ಹೈಕೋರ್ಟು ಕೇಳುವುದಿಲ್ಲ. ಆ ನಿರ್ಣಯಕ್ಕೆ ಬಂದ ಬಗೆ ನ್ಯಾಯವಾದದ್ದೇ ಎಂದು ಕೇಳುತ್ತದೆ.

ಹರಿಯಾಣದ ಒಬ್ಬ ಬಸ್ ಕಂಡಕ್ಟರನ ಪ್ರಕರಣ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ತಪಾಸಣೆಯ ದಳದವರು ಬಸ್ಸನ್ನು ನಿಲ್ಲಿಸಿದಾಗ 11 ಮಂದಿ ಪ್ರಯಾಣಿಕರು ಹಣ ಕೊಟ್ಟಿದ್ದೇವೆ, ಟಿಕೆಟು ಕೊಟ್ಟಿಲ್ಲ ಎಂದರು. ವಿಚಾರಣೆಯಲ್ಲಿ ಆ 11 ಮಂದಿಯಲ್ಲಿ ಒಬ್ಬರ ಹೇಳಿಕೆಯೂ ಇರಲಿಲ್ಲ. ಹೇಳಿದವರು ತಪಾಸಣಾಧಿಕಾರಿ ಮಾತ್ರ. ಕ್ರಿಮಿನಲ್ ಕೋರ್ಟಿನಲ್ಲಿ ಇಂಥ ಕೇಳಿದ ಮಾತು ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಕೆಳಗಿನ ಕೋರ್ಟುಗಳು ಕಂಡಕ್ಟರನ ಪರವಾದವು. 1977ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅದನ್ನು ಒಪ್ಪಲಿಲ್ಲ. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯಿದೆಯ ಕಟ್ಟುನಿಟ್ಟು ಅನ್ವಯಿಸುವುದಿಲ್ಲ. ವಿವೇಕಿಯಾದವನು ನಂಬಬಹುದಾದ ಸ್ವಲ್ಪ ಸಾಕ್ಷ್ಯವಿದ್ದರೂ ಸಾಕು. ಏನೇನೂ ಇಲ್ಲದಿದ್ದರೆ ಮಾತ್ರ ನ್ಯಾಯಾಲಯ ಪ್ರವೇಶಿಸಬೇಕು ಎಂಬುದು ಅವರ ನಿರ್ಣಯ. ಬಡವರ ಪಕ್ಷಪಾತಿಯೆಂದೇ ಹೆಸರಾದ ನ್ಯಾಯಮೂರ್ತಿಗಳು ಹೀಗೆ ಹೇಳಿದರೆಂಬುದು ನನಗೆ ಮೊದಲು ಆಶ್ಚರ್ಯ ತಂದಿತು. ಯೋಚಿಸಿದರೆ, ದಾರಿಯಲ್ಲಿ ಇಳಿದುಹೋದ 11 ಮಂದಿಯನ್ನು ಯಾವ ಸಂಸ್ಥೆ ತಾನೇ ಹುಡುಕಿ ತಂದೀತು? ಶಿಕ್ಷೆಯ ಪ್ರಮಾಣದ ವಿಷಯದಲ್ಲಿಯೂ ಹೀಗೆಯೇ. ಅಂತಃಕರಣವನ್ನೇ ಕಲಕುವಷ್ಟು ವಿಪರೀತವಾದ ಶಿಕ್ಷೆಯಾಗಿದ್ದ ಹೊರತು ನ್ಯಾಯಾಲಯ ಕೈಹಾಕಬಾರದೆಂದು 1995ರ ಒಂದು ತೀರ್ಪು ಹೇಳುತ್ತದೆ.

ಹಾಗಾದರೆ ಕ್ರಿಮಿನಲ್ ಕೋರ್ಟಿನ ಖುಲಾಸೆಗೆ ಕಚೇರಿಯಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲವೇ? ಇದೆ, ಕೆಲವು ಸಲ. ಅದನ್ನು ತೋರಿಸಲು ಮಿತ್ರ ನನ್ನ ಕೈಗೆ ಕೊಟ್ಟ ತೀರ್ಪು ನಮ್ಮ ಕೋಲಾರದ ಚಿನ್ನದ ಗಣಿಯದು. ನಾನು ಅದನ್ನು ಕಾದಂಬರಿಯಂತೆ ಒಂದೇ ರಾತ್ರಿಯಲ್ಲಿ ಓದಿದೆ.

1985ರ ಜೂನಿನಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪೆನಿಯ ಒಬ್ಬ ಭದ್ರತಾ ಅಧಿಕಾರಿಯ ಮನೆಯ ಮೇಲೆ ಪೊಲೀಸರು ದಾಳಿ ಮಾಡಿದರು. ಅಲ್ಲಿ 4.5 ಗ್ರಾಂ ತೂಕದ ಚಿನ್ನದ ಉಂಡೆಯೊಂದೂ ಚಿನ್ನ ಬೆರೆತ 1276 ಗ್ರಾಂ ಮರಳೂ ಸಿಕ್ಕಿತೆಂದು ಮೊಕದ್ದಮೆಯಾಯಿತು. ಕಾಯುವವನ ಮೇಲೆಯೇ ಕಳವಿನ ಆರೋಪ! ಅಧಿಕಾರಿಯನ್ನು ಅಮಾನತಿನಲ್ಲಿಟ್ಟು ಕಂಪೆನಿ ಇಲಾಖಾ ವಿಚಾರಣೆಯನ್ನು ಆರಂಭಿಸಿತು. ಅಮಾನತಾದವರಿಗೆ ಜೀವನಾಧಾರಕ್ಕೆಂದು ಕೊಡಬೇಕಾದ ಭತ್ಯೆ ಆತನಿಗೆ ದೊರೆಯಲಿಲ್ಲ. ಕೇರಳದ ತನ್ನ ಊರಿನಲ್ಲಿ ಕಾಯಿಲೆಯಿಂದ ಮಲಗಿದ್ದ ಆತನ ಬಳಿ ಕೋಲಾರಕ್ಕೆ ಬರುವುದಕ್ಕೆ ಹಣವಿರಲಿಲ್ಲ. ಆತ ಬಾರದೆಯೇ ವಿಚಾರಣೆ ಮುಗಿಯಿತು, 1986ರಲ್ಲಿ ವಜಾ ಆಯಿತು. ಮರುವರ್ಷ, 1987ರ ಫೆಬ್ರವರಿಯಲ್ಲಿ, ಕ್ರಿಮಿನಲ್ ಕೋರ್ಟು ದಾಳಿಯ ಕಥೆಯನ್ನೇ ನಂಬದೆ ಆತನನ್ನು ಖುಲಾಸೆ ಮಾಡಿತು. ಆತನೂ ನಮ್ಮ ಹಿರಿಯರಂತೆ ತೀರ್ಪನ್ನು ಹಿಡಿದುಕೊಂಡು ಕಂಪೆನಿಗೆ ಹೋದ. ಕಂಪೆನಿ ಒಪ್ಪಲಿಲ್ಲ.

ಪ್ರಕರಣ ಇದೇ ಅಠಾರಾ ಕಚೇರಿಗೆ ಬಂತು. ಏಕಸದಸ್ಯ ಪೀಠ ಆತನ ಪರವಾಗಿ ತೀರ್ಪು ಕೊಟ್ಟಿತು. ಕಂಪೆನಿಯ ಮೇಲ್ಮನವಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದುಮಾಡಿತು. ಎರಡು ವಿಚಾರಣೆಗಳೂ ಬೇರೆ ಬೇರೆ ಎಂಬ ಸಾಮಾನ್ಯ ನಿಯಮ ಅದರ ಹಿಂದಿತ್ತು. ಕೊನೆಗೆ 1999ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ವಜಾ ಆದೇಶವನ್ನು ತಳ್ಳಿಹಾಕಿ, ಆತನನ್ನು ಹಿಂದಿನ ಸಂಬಳದ ಬಾಕಿಯೊಡನೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆಜ್ಞಾಪಿಸಿತು. ಎರಡು ಕಡೆಯೂ ಆರೋಪ ಒಂದೇ, ದಾಳಿ ಒಂದೇ, ಸಾಕ್ಷಿ ಹೇಳಿದ ಪೊಲೀಸರೂ ಪಂಚರೂ ಅವರೇ. ಅವರ ಮಾತನ್ನು ನ್ಯಾಯಾಲಯ ಸುಳ್ಳೆಂದು ತಳ್ಳಿದ ಮೇಲೆ, ಹೊಟ್ಟೆಗಿಲ್ಲದೆ ಬರಲಾಗದವನ ಬೆನ್ನ ಹಿಂದೆ ಅದೇ ಮಾತನ್ನು ಕೇಳಿ ತಪ್ಪಿತಸ್ಥನೆಂದದ್ದು ಹೇಗೆ ಉಳಿದೀತು? ಜೀವನಭತ್ಯೆ ಕೊಡದೆ ವಿಚಾರಣೆ ನಡೆಸುವುದು ಬದುಕುವ ಹಕ್ಕಿಗೇ ವಿರುದ್ಧವೆಂದು ತೀರ್ಪಿನಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ದಾಳಿಯಾಗಿ ಸುಮಾರು 14 ವರ್ಷಗಳ ಮೇಲೆ ಬಂದ ನ್ಯಾಯ ಅದು. ಗಣಿಯ ಕೆಲಸವೇ 2001ರಲ್ಲಿ ನಿಂತುಹೋಯಿತು.

ಈ ತೀರ್ಪನ್ನು ನಾನು ಉತ್ಸಾಹದಿಂದ ಹಿಂದಿರುಗಿಸಿದಾಗ ಮಿತ್ರ ತಲೆಯಾಡಿಸಿದ. ನಮ್ಮ ಹಿರಿಯರ ಖುಲಾಸೆಯ ತೀರ್ಪಿನ ಕೊನೆಯ ಪುಟವನ್ನು ತೆರೆದು ನನ್ನ ಮುಂದಿಟ್ಟ. ಇಬ್ಬರು ಮುಖ್ಯ ಸಾಕ್ಷಿಗಳು ಪ್ರತಿಕೂಲವಾಗಿ ತಿರುಗಿದ್ದರು; ದಾಸ್ತಾನು ಪುಸ್ತಕವನ್ನು ಪೊಲೀಸರು ಕ್ರಮವಾಗಿ ರುಜುವಾತುಪಡಿಸಿರಲಿಲ್ಲ; ಆದಕಾರಣ ಆರೋಪಿಗೆ ಸಂಶಯದ ಲಾಭ ಎಂದಿತ್ತು. ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಕ ಸಾಲದೆ ಹೋಗಿತ್ತು, ಅಷ್ಟೆ. ಸಂಶಯದ ಲಾಭ, ಸಗೌರವ ಖುಲಾಸೆ ಎಂಬ ಮಾತುಗಳನ್ನು ಮಂತ್ರದಂತೆ ಭಾವಿಸದೆ ತೀರ್ಪಿನ ಒಳಗೆ ಏನಿದೆ ಎಂದು ನೋಡಬೇಕೆಂದು 2023ರ ಡಿಸೆಂಬರಿನಲ್ಲಿ ರಾಜಸ್ಥಾನದ ಒಬ್ಬ ಪೇದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಇವರ ತೀರ್ಪಿನ ಒಳಗೆ ಹುಡುಕಿದರೂ, ಇವರು ಮೂಟೆಗಳನ್ನು ಸಾಗಿಸಲಿಲ್ಲ ಎಂಬ ವಾಕ್ಯ ಎಲ್ಲಿಯೂ ಇರಲಿಲ್ಲ. ಕಚೇರಿಯ ವಿಚಾರಣೆಯಲ್ಲಿಯಾದರೋ ಬೇರೆ ಸಾಕ್ಷಿಗಳು ಹೇಳಿಕೆ ಕೊಟ್ಟಿದ್ದರು.

ಇದನ್ನು ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಬಹಳ ಹೊತ್ತು ಸುಮ್ಮನಿದ್ದು, “ಪೇಡೆ ಹಂಚಿದ್ದು ತಪ್ಪಾಯಿತೇನೋ” ಎಂದರು.

ಮಿತ್ರ ಹಿಡಿದ ದಾರಿ ಬೇರೆ. ಇವರನ್ನು ವಜಾ ಮಾಡುವ ಮೊದಲು ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಇವರಿಗೆ ಕೊಟ್ಟೇ ಇರಲಿಲ್ಲ. ವರದಿಯನ್ನು ಕೊಟ್ಟು, ಅದಕ್ಕೆ ನೌಕರನ ಉತ್ತರ ಪಡೆದು, ಆಮೇಲೆ ತೀರ್ಮಾನ ಮಾಡಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1993ರಲ್ಲಿ ವಿಧಿಸಿದೆ. ಕೊಡದೆ ಹೋದ ಮಾತ್ರಕ್ಕೆ ವಜಾ ತಾನಾಗಿ ಬಿದ್ದುಹೋಗುವುದಿಲ್ಲ; ಅದರಿಂದ ನೌಕರನಿಗೆ ನಿಜವಾಗಿ ಬಾಧೆಯಾಯಿತೇ ಎಂದು ನ್ಯಾಯಾಲಯ ನೋಡುತ್ತದೆ.

ವಿಚಾರಣೆಯ ದಿನ ನಮ್ಮ ಸರದಿ ಊಟದ ವಿರಾಮದ ಅನಂತರ ಬಂತು. ಎಲ್ಲ ಸೇರಿ ಕಾಲು ಗಂಟೆಯೂ ಆಗಲಿಲ್ಲವೆಂದು ತೋರುತ್ತದೆ. ಸಂಸ್ಥೆಯ ವಕೀಲರು, ಪ್ರತಿ ಕೊಟ್ಟಿದ್ದರೂ ಫಲ ಇದೇ ಆಗುತ್ತಿತ್ತು ಎಂದರು. ನ್ಯಾಯಮೂರ್ತಿಗಳು ನಮ್ಮ ಮಿತ್ರನ ಕಡೆಗೆ ತಿರುಗಿ, ಕೊಡದಿದ್ದುದರಿಂದ ನಿಮ್ಮ ಕಕ್ಷಿಗಾರರಿಗೆ ಏನು ನಷ್ಟವಾಯಿತೆಂದು ತೋರಿಸಿ ಎಂದರು. ಮಿತ್ರ ವರದಿಯ 11ನೆಯ ಪುಟವನ್ನು ತೋರಿಸಿದ. ಉಗ್ರಾಣದ ಬೀಗದ ಕೈ ಕೊಟ್ಟು ತೆಗೆದುಕೊಂಡ ದಾಖಲೆಯ ಪುಸ್ತಕವನ್ನು ವಿಚಾರಣಾಧಿಕಾರಿ ಅಲ್ಲಿ ಆಧಾರವಾಗಿ ಹೇಳಿದ್ದರು. ಆ ಪುಸ್ತಕವನ್ನು ಇವರಿಗೆ ವಿಚಾರಣೆಯಲ್ಲಿ ತೋರಿಸಿರಲೇ ಇಲ್ಲ. ಮಗಳ ಶಸ್ತ್ರಚಿಕಿತ್ಸೆಗೆಂದು ಇವರು 9 ದಿನ ರಜೆಯಲ್ಲಿದ್ದಾಗ ಬೀಗದ ಕೈ ಇನ್ನೊಬ್ಬರ ವಶದಲ್ಲಿತ್ತು. ಪುಸ್ತಕವನ್ನು ತೋರಿಸಿದ್ದರೆ ಅದನ್ನು ಹೇಳಬಹುದಾಗಿತ್ತು. ನ್ಯಾಯಮೂರ್ತಿಗಳು ಅಲ್ಲಿಯೇ ಆದೇಶವನ್ನು ಬರೆಸಿದರು. ವಜಾ ರದ್ದಾಯಿತು, ವರದಿಯನ್ನೂ ಪುಸ್ತಕದ ನಕಲನ್ನೂ ಕೊಟ್ಟು, ಉತ್ತರ ಪಡೆದು, ಆ ಹಂತದಿಂದ ಹೊಸದಾಗಿ ತೀರ್ಮಾನಿಸಬೇಕು, ಅಲ್ಲಿಯವರೆಗೆ ಅವರು ಅಮಾನತಿನಲ್ಲಿರುವ ನೌಕರರು, ಹಿಂದಿನ ಸಂಬಳದ ಮಾತು ಕೊನೆಯ ತೀರ್ಮಾನವನ್ನು ಅವಲಂಬಿಸಿರುತ್ತದೆ. ಇಂಗ್ಲಿಷಿನಲ್ಲಿ ನಡೆದ ಇದರಲ್ಲಿ ಹಿರಿಯರಿಗೆ ತಿಳಿದದ್ದು ತಮ್ಮ ಹೆಸರು ಮಾತ್ರ. ಸಂವಿಧಾನದ 348ನೆಯ ವಿಧಿ ಹೈಕೋರ್ಟಿನ ಭಾಷೆ ಇಂಗ್ಲಿಷೆಂದು ಹೇಳುತ್ತದೆ. 2024ರಲ್ಲಿ ನಮ್ಮ ಹೈಕೋರ್ಟಿನ ಒಂದು ಪೀಠ ಕನ್ನಡದಲ್ಲಿಯೂ ಒಂದು ತೀರ್ಪನ್ನು ಕೊಟ್ಟಿತೆಂಬ ಸುದ್ದಿಯನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೆ. ಅಂದು ಮೊಗಸಾಲೆಯಲ್ಲಿ ನಿಂತು ಇವರಿಗೆ ಅರ್ಥ ಹೇಳುವಾಗ ಆ ಸುದ್ದಿ ನೆನಪಾಯಿತು. “ಗೆದ್ದೆವೋ ಸೋತೆವೋ ಅಷ್ಟು ಹೇಳಿ” ಎಂದರು. ಎರಡೂ ಅಲ್ಲವೆಂದು ಹೇಳಬೇಕಾಯಿತು.

ವರದಿಗೆ ಉತ್ತರವನ್ನು ನಮ್ಮ ಊಟದ ಮೇಜಿನ ಮೇಲೆ, ಕನ್ನಡದಲ್ಲಿ, ನಾಲ್ಕು ಭಾನುವಾರ ಕುಳಿತು ಬರೆದೆವು. ನಾನು ಅಲಂಕಾರ ಸೇರಿಸಿದಲ್ಲೆಲ್ಲ ಮಿತ್ರ ಬಂದು ಹೊಡೆದುಹಾಕಿ ತಾರೀಖುಗಳನ್ನು ತುಂಬಿಸಿದ. ಆರು ತಿಂಗಳ ಮೇಲೆ ಕಚೇರಿಯಿಂದ ಹೊಸ ಆದೇಶ ಬಂತು. ದುರುಪಯೋಗದ ಆರೋಪವನ್ನು ಕೈಬಿಟ್ಟಿದ್ದರು. ನಿರ್ಲಕ್ಷ್ಯ ರುಜುವಾತಾಗಿದೆಯೆಂದು ವಜಾದ ಬದಲು ಕಡ್ಡಾಯ ನಿವೃತ್ತಿಯನ್ನು ವಿಧಿಸಿದ್ದರು. ಅದರಲ್ಲಿ ಪಿಂಚಣಿ ಉಳಿಯುತ್ತದೆ.

ಹೋದ ತಿಂಗಳು ತಂದೆ ಮಕ್ಕಳು ಆ ಆದೇಶವನ್ನು ಹಿಡಿದುಕೊಂಡು ಬಂದಿದ್ದರು. ನಿರ್ಲಕ್ಷ್ಯ ಎಂಬ ಮಾತಿರುವ ಸಾಲಿನ ಕೆಳಗೆ ಹಿರಿಯರು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಮತ್ತೆ ಹೈಕೋರ್ಟಿಗೆ ಹೋಗೋಣ, ಪೂರ್ತಿ ಹೆಸರು ತೊಳೆದುಕೊಂಡು ಬರೋಣ ಎಂದು ಮಗ ಹಟ ಹಿಡಿದಿದ್ದಾನೆ. ಹುಡುಗಿಯ ಮದುವೆ ವೈಶಾಖದಲ್ಲಿ ಗೊತ್ತಾಗಿದೆ. ರಿಟ್ ಅರ್ಜಿಗೆ ಇಷ್ಟೇ ದಿನವೆಂಬ ಗಡುವು ಕಾಯಿದೆಯಲ್ಲಿ ಇಲ್ಲದಿದ್ದರೂ, ಕಾರಣವಿಲ್ಲದೆ ತಡಮಾಡಿದವರನ್ನು ನ್ಯಾಯಾಲಯ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬೇಗ ನಿರ್ಧರಿಸಿ ಎಂದು ಮಿತ್ರ ಎಚ್ಚರಿಸಿದ್ದಾನೆ. ಹಿರಿಯರು ಇನ್ನೂ ಏನೂ ಹೇಳಿಲ್ಲ. ಕಡತ ಸದ್ಯಕ್ಕೆ ನಮ್ಮ ಮನೆಯಲ್ಲಿಯೇ ಇದೆ.